ಬಾಗಿಲ ಎಡಗಡೆಯ ಪೀಪಾಯಿ

ಐದು ತಿಂಗಳು ನಾನು ಒಂದು ಹನಿ ವೈನ್ ಬಾಯಿಗೆ ಹಾಕಲಿಲ್ಲ. ನಮ್ಮೂರಲ್ಲಿ, ಅದೂ ವೈನ್ ಮಾಡುವವರ ಮನೆಯಲ್ಲಿ, ಇಪ್ಪತ್ತಮೂರು ವರ್ಷದವನೊಬ್ಬ ಊಟಕ್ಕೆ ಕೂತು ನೀರು ಕುಡಿದರೆ ಏನು ಕಾಯಿಲೆ ಅಂತ ಕೇಳುತ್ತಾರೆ. ಕೇಳಿದರು. ನನ್ನ ಪರವಾಗಿ ಅಪ್ಪನೇ ಉತ್ತರ ಕೊಟ್ಟ: "ಕಾಯಿಲೆ ಏನಿಲ್ಲ, ಹಟ."

ಹಟವೇ. ಅದು ಶುರುವಾದದ್ದು ಪೇರಾದ್‌ನಿಂದ.

ಪೇರಾದ್ ಅಂದರೆ ಊರ ಮೇಲಿನ ಕಲ್ಲುದಿಣ್ಣೆಯಲ್ಲಿ ನಮಗಿರುವ ಒಂದು ತುಂಡು ತೋಟ. ಅಜ್ಜಿಯ ಮಾವ 1911ರಲ್ಲಿ ನೆಟ್ಟ ಕಾರಿನ್ಯಾನ್ ದ್ರಾಕ್ಷಿ. ಕಂಬವಿಲ್ಲ, ತಂತಿಯಿಲ್ಲ. ತೊಡೆಯಷ್ಟು ದಪ್ಪದ ಬುಡ ಮೊಣಕಾಲೆತ್ತರಕ್ಕೆ ತಿರುಚಿಕೊಂಡು ನಿಂತಿರುತ್ತದೆ, ಅದರ ತಲೆಯಿಂದ ನಾಲ್ಕು ತೋಳು. ಆರುನೂರು ನೆಟ್ಟಿದ್ದರಂತೆ, ನಾನೂರು ಉಳಿದಿವೆ. ಗಿಡಕ್ಕೆ ನಾಲ್ಕೋ ಐದೋ ಗೊಂಚಲು ಬಿಟ್ಟರೆ ಹೆಚ್ಚು. ಸಾಲುಗಳ ನಡುವೆ ಕೊಯ್ಲು ಯಂತ್ರ ಹೋಗುವುದಿಲ್ಲ. ಬಗ್ಗಿ ಕೈಯಲ್ಲೇ ಕೊಯ್ಯಬೇಕು, ಬಗ್ಗಲು ಅಪ್ಪನ ಸೊಂಟ ಈಗ ಒಪ್ಪುವುದಿಲ್ಲ.

ಹೋದ ಆಗಸ್ಟಿನಲ್ಲಿ ಅಪ್ಪ ಒಂದು ಅರ್ಜಿ ತಂದು ಊಟದ ಮೇಜಿನ ಮೇಲೆ ಇಟ್ಟ. ದ್ರಾಕ್ಷಿ ತೋಟವನ್ನು ಬೇರುಸಹಿತ ಕಿತ್ತವರಿಗೆ ಸರ್ಕಾರ ಪರಿಹಾರ ಕೊಡುತ್ತಿತ್ತು. ಕೆಂಪು ವೈನ್ ಕುಡಿಯುವವರು ಕಡಿಮೆಯಾಗಿದ್ದಾರೆ, ತೋಟಗಳೂ ಕಡಿಮೆಯಾಗಲಿ ಅಂತ. ಕೆಳಗಿನ ಮೆರ್ಲೊ ದ್ರಾಕ್ಷಿಯ ತೋಟದ ಒಂದು ಅಂಚನ್ನೂ ಪೇರಾದನ್ನೂ ಅದರಲ್ಲಿ ಬರೆದಿದ್ದ. ಸಹಿಯೊಂದು ಬಾಕಿ, ಅದಾದರೆ ಏಪ್ರಿಲಿನಲ್ಲಿ ಕೀಳುವ ಯಂತ್ರ ಬರುತ್ತದೆ.

"ನೂರು ವರ್ಷ ದಾಟಿದ ಗಿಡ ಅಪ್ಪ ಅವು."

"ನೂರು ವರ್ಷ ದಾಟಿದವರಿಗೆ ಮೇಯರ್ ಬಂದು ಹೂಗುಚ್ಛ ಕೊಟ್ಟು ಫೋಟೊ ತೆಗೆಸ್ಕೋತಾನೆ. ಕೆಲಸಕ್ಕೆ ಕರೆಯಲ್ಲ."

"ಅದರ ವೈನೇ ಬೇರೆ."

"ನೀನು ಕುಡಿದಿದೀಯಾ?"

ಕುಡಿದಿರಲಿಲ್ಲ. ನಾನಷ್ಟೇ ಅಲ್ಲ, ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಬೇರೆಯಾಗಿ ಕುಡಿದಿರಲಿಲ್ಲ. ನಲವತ್ತು ವರ್ಷದಿಂದ ಪೇರಾದ್‌ನ ಹಣ್ಣು ಸೀದಾ ಮೆರ್ಲೊ ಜೊತೆ ದೊಡ್ಡ ಸಿಮೆಂಟ್ ತೊಟ್ಟಿಗೆ ಹೋಗುತ್ತಿತ್ತು, ಸಮುದ್ರಕ್ಕೆ ಒಂದು ಚೆಂಬು ಹಾಕಿದ ಹಾಗೆ. ಬಾಟಲಿಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ 'ಹಳೆಯ ಗಿಡಗಳ ಕೆಂಪು ವೈನ್' ಅಂತ ಅಚ್ಚು ಹಾಕಿಸುತ್ತೇವೆ. ಎಷ್ಟು ವರ್ಷವಾದರೆ ಗಿಡ ಹಳೆಯದು ಅಂತ ಯಾವ ಕಾನೂನೂ ಹೇಳಿಲ್ಲವಲ್ಲ, ಯಾರೂ ಕೇಳುವುದಿಲ್ಲ. ಆ ಅಕ್ಷರ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮೂರು ದಿನ ಜಗಳವಾಡಿದೆವು. ನಾಲ್ಕನೇ ದಿನ ಅಪ್ಪ ತಟ್ಟೆ ಸರಿಸಿ ಹೇಳಿದ:

"ಸರಿ. ಈ ವರ್ಷ ಪೇರಾದ್‌ದು ಬೇರೆ ಮಾಡು. ಮಾರ್ಚಲ್ಲಿ ನನ್ನ ಕಣ್ಣಿಗೆ ಬಟ್ಟೆ ಕಟ್ಟು. ಒಂದು ಲೋಟ ತೊಟ್ಟಿದು, ಒಂದು ನಿಂದು. ಯಾವುದು ಯಾವುದು ಅಂತ ನಂಗೆ ಗೊತ್ತಾದ್ರೆ ಕೀಳಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಸಹಿ. ಅಲ್ಲೀವರೆಗೆ ಯಾರೂ ಪೇರಾದ್‌ಗೆ ಕತ್ತರಿ ತಗೊಂಡು ಹೋಗ್ಕೂಡದು. ಕೀಳೋ ಗಿಡಕ್ಕೆ ಚಾಟನಿ ಮಾಡೋಕೆ ಈ ಮನೇಲಿ ಬಿಟ್ಟಿ ಕೈ ಯಾವುದೂ ಇಲ್ಲ."

ಚಳಿಗಾಲದಲ್ಲಿ ಕಡ್ಡಿ ಸವರುವ ಚಾಟನಿ ಆಗದಿದ್ದರೆ ಮುಂದಿನ ಬೆಳೆ ಕೆಟ್ಟಂತೆ. ಆದರೂ ಒಪ್ಪಿಕೊಂಡೆ.

"ಮಾರ್ಚ್‌ವರೆಗೆ ಏನಾದ್ರೂ ಉಳಿದ್ರೆ ತಾನೆ," ಅಂತ ಅಪ್ಪ ಸೇರಿಸಿದ. "ರುಚಿ ನೋಡ್ತೀನಿ, ರುಚಿ ನೋಡ್ತೀನಿ ಅಂತ ಕ್ರಿಸ್‌ಮಸ್‌ಗೇ ತಳ ಕಾಣಿಸ್ತೀಯ. ನಿನ್ನ ನಾಲಿಗೆ ನಂಗೆ ಗೊತ್ತಿಲ್ವಾ."

"ಹಣ್ಣು ಹಿಂಡಿದ ದಿನದಿಂದ ಮಾರ್ಚ್‌ವರೆಗೆ ಒಂದು ಹನಿ ಮುಟ್ಟಲ್ಲ. ಅದೂ ಮುಟ್ಟಲ್ಲ, ನಿನ್ನ ತೊಟ್ಟಿದೂ ಮುಟ್ಟಲ್ಲ."

"ಬರ್ಕೊಡು."

"ಬರೆಯಕ್ಕೆ ಬಂದಿದ್ರೆ ಶಾಲೆ ಯಾಕೆ ಬಿಡ್ತಿದ್ದೆ," ಅಂದೆ. ಅದೊಂದಕ್ಕೆ ಇಬ್ಬರೂ ನಕ್ಕೆವು. ಆ ವರ್ಷ ಒಟ್ಟಿಗೆ ನಕ್ಕಿದ್ದು ಅಷ್ಟೇ.

ಸೆಪ್ಟೆಂಬರ್ ಕೊನೆಗೆ ನಾನೊಬ್ಬನೇ ಕೊಯ್ದೆ, ಎರಡು ದಿನ. ಗೊಂಚಲುಗಳು ಸಣ್ಣವು, ಬಿಗಿ, ಹಣ್ಣಿನ ಸಿಪ್ಪೆ ಚರ್ಮದ ಹಾಗೆ. ತೊಟ್ಟು ಬಿಡಿಸಿದ್ದು ಕೈಯಲ್ಲಿ, ತುಳಿದದ್ದು ಕಾಲಲ್ಲಿ. ತೊಡೆವರೆಗಿನ ಬಣ್ಣ ಹತ್ತು ದಿನ ಹೋಗಲಿಲ್ಲ. ರಸ ಹುದುಗು ಬಂದು, ನೊರೆ ಅಡಗಿ, ಅಕ್ಟೋಬರಿನಲ್ಲಿ ಹಿಂಡಿದಾಗ ಒಂದೇ ಒಂದು ಪೀಪಾಯಿ ಕಂಠದವರೆಗೆ ತುಂಬಿತು. ಒಂದು ಬಾಟಲಿಯಷ್ಟೂ ಮಿಗಲಿಲ್ಲ.

ಮಿಗದಿದ್ದರೆ ಒಂದು ಕಷ್ಟವಿದೆ. ಪೀಪಾಯಿಯ ಮರ ವೈನ್ ಕುಡಿಯುತ್ತದೆ. ವಾರವಾರ ಮಟ್ಟ ಇಳಿಯುತ್ತದೆ, ಇಳಿದ ಜಾಗಕ್ಕೆ ಗಾಳಿ ಸೇರಿದರೆ ವಿನೆಗರ್. ಅದೇ ವೈನಿನಿಂದ ತುಂಬಿಸುತ್ತಾ ಇರಬೇಕು. ನನ್ನಲ್ಲಿ ಅದೇ ವೈನ್ ಇಲ್ಲ, ತೊಟ್ಟಿಯದನ್ನು ಹಾಕಿದರೆ ಪಂದ್ಯಕ್ಕೆ ಅರ್ಥವಿಲ್ಲ. ಹಳಬರು ಇದಕ್ಕೊಂದು ಉಪಾಯ ಮಾಡುತ್ತಿದ್ದರು: ತೊಳೆದ ಬೆಣಚುಕಲ್ಲು ಒಳಗೆ ಬಿಟ್ಟರೆ ಮಟ್ಟ ತಾನೇ ಮೇಲೆ ಬರುತ್ತದೆ. ಪೇರಾದ್‌ನಿಂದಲೇ ಒಂದು ಚೀಲ ಬಿಳಿ ಕಲ್ಲು ಆರಿಸಿ ತಂದು, ಕುದಿಸಿ, ಬೇಕಾದಾಗ ಸಿಗಲಿ ಅಂತ ಪೀಪಾಯಿಯ ಮೇಲುಗಡೆ ಗೋಡೆಯ ಗೂಟಕ್ಕೆ ನೇತುಹಾಕಿದೆ.

ಪೀಪಾಯಿಯನ್ನು ಇಟ್ಟದ್ದು ಉಗ್ರಾಣದ ಬಾಗಿಲ ಎಡಗಡೆ. ಬೇರೆ ಎಲ್ಲಿಡಲಿ? ಉಗ್ರಾಣವೆಲ್ಲ ಸಿಮೆಂಟ್ ತೊಟ್ಟಿ, ಪೀಪಾಯಿ ಕೂರುವ ಮರದ ಪೀಠ ಇದ್ದದ್ದು ಅಲ್ಲೊಂದೇ. ಅದರ ಮೇಲಿದ್ದ ಮುದಿ ಪೀಪಾಯಿ ಹಲಗೆ ಕೊಳೆತು ಬೇಸಿಗೆಯಲ್ಲಿ ಒಡೆದಿತ್ತು, ಅಪ್ಪ ಅದನ್ನು ಹೊರಗೆ ಉರುಳಿಸಿದ್ದ. ಮಾರ್ಚಿಗೆ ಬೇಕಾಗುತ್ತದೆಂದು ಮುಂಭಾಗಕ್ಕೆ ಮರದ ನಲ್ಲಿಯನ್ನೂ ನಾನೇ ಬಡಿದೆ. ಸೀಮೆಸುಣ್ಣದಲ್ಲಿ 'ಪೇರಾದ್. ಮುಟ್ಟಿದವರ ಕೈ ಮುರಿಯುತ್ತೇನೆ' ಅಂತ ಬರೆದೆ. ಅಪ್ಪ ನೋಡಿ, "ಒಂದು ಅಕ್ಷರ ತಪ್ಪಿದೆ," ಅಂದು ಹೋದ.

ಆಮೇಲೆ ಶುರುವಾಯಿತು ಚಳಿಗಾಲದ ಊಟಗಳು.

ನಮ್ಮ ಮನೆಯಲ್ಲಿ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಊಟ. ಮೇಜಿಗೆ ನಾವು ಮೂವರೇ: ಅಪ್ಪ, ಅಪ್ಪನ ತಾಯಿ ಲೆಯೋಂತಿನ್ ಅಜ್ಜಿ, ನಾನು. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಡುವೆ ಒಂದು ಮಣ್ಣಿನ ಹೂಜಿ ವೈನ್. ಸಕಲ ಸಂತರ ಹಬ್ಬದ ಮಾರನೇ ದಿನ, ಅಂದರೆ ನವೆಂಬರಿನ ಮೊದಲ ವಾರ, ಹಳೇ ವರ್ಷದ್ದು ಮುಗಿದು ಹೊಸ ವೈನ್ ಮೇಜಿಗೆ ಬಂತು. ಅಪ್ಪ ಒಂದು ಗುಟುಕು ಕುಡಿದ. ಲೋಟವನ್ನು ಬೆಳಕಿಗೆ ಹಿಡಿದ. ಇನ್ನೊಂದು ಗುಟುಕು.

"ಗಿಲೆಮ್," ಅಂದ. "ಇದು ನೋಡು. ನನ್ನ ತೊಟ್ಟಿ ವೈನ್. ಯಂತ್ರ ಕೊಯ್ದಿದ್ದು. ಏನಾಗಿದೆ ಇದಕ್ಕೆ?"

ನಾನು ನೀರು ಕುಡಿದೆ.

"ಕಾಡು ಜೀರಿಗೆ ವಾಸನೆ ಬರ್ತಾ ಇದೆ ಕಣೋ. ನಾಲಿಗೆ ಮೇಲೆ ಕೂತ್ಕೊಂಡು ಎದ್ದೇಳಲ್ಲ ಅನ್ನತ್ತೆ. ನೂರು ವರ್ಷದ ಗಿಡ ಬೇಕಂತೆ ಇವನಿಗೆ!"

ದಿನಾ ಇದೇ. ಬಾತುಕೋಳಿ ಹಾಕಿದ ಬಿಳಿ ಅವರೆ ಬೇಯಿಸಿದ ದಿನ, "ಇದರ ಜೊತೆಗೆ ಈ ವೈನ್, ಆಹಾ." ಭಾನುವಾರ ಕಾಡುಹಂದಿ ಬೇಟೆಗೆ ಹೋದವರು ನಮ್ಮ ಮನೆಗೇ ಬರುತ್ತಿದ್ದರು. ಅಪ್ಪನ ಬಾಲ್ಯದ ಗೆಳೆಯ, ಪಕ್ಕದ ತೋಟದ ರುವಾನೆ, ಅವರ ಮುಂದಾಳು. ಆತ ಲೋಟ ಕೆಳಗಿಡದೆ ಕೂಗುತ್ತಿದ್ದ:

"ಅಶಿಲ್, ಏನಯ್ಯಾ ಮಾಡ್ದೆ ಈ ವರ್ಷ? ನಿನ್ನ ವೈನ್ ಕುಡಿದು ಇಷ್ಟು ವರ್ಷ ಹೊಟ್ಟೆ ಉರಿಸ್ಕೊಂಡಿದ್ದು ಮರ್ತೇ ಹೋಯ್ತು!"

"ಏನೂ ಮಾಡಿಲ್ಲ. ಅದೇ ತೊಟ್ಟಿ. ಮೆರ್ಲೊ ಚೆನ್ನಾಗಿ ಬಂತು." ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನೋ ನೀರುಗುಡುಕ?"

ವೈದ್ಯರು ಒಂದೇ ಲೋಟ ಅಂದಿದ್ದರೂ ಅಪ್ಪ ಎರಡನೆಯದಕ್ಕೆ ಕೈಚಾಚುತ್ತಿದ್ದ. ಅವನ ಗಂಟಲು ಏರಿಳಿಯುವುದನ್ನು ನೋಡುತ್ತಾ ನಾನು ಬ್ರೆಡ್ಡನ್ನು ಹಿಂಡಿ ಉಂಡೆ ಮಾಡುತ್ತಿದ್ದೆ. ಇರಲಿ, ಹೊಗಳಿಕೋ, ಮಾರ್ಚ್ ಬರಲಿ. ಜನವರಿ ಕೊನೆಗೆ ಹೊಗಳಿಕೆ ಕಡಿಮೆಯಾಯಿತು. ಫೆಬ್ರವರಿಯಲ್ಲಿ, "ಚಳಿಗೆ ಸಪ್ಪೆಯಾಗಿದೆ," ಅಂದ. ಒಳಗೊಳಗೇ ಖುಷಿಪಟ್ಟೆ.

ಪ್ರತಿ ಭಾನುವಾರ ಬೆಳಿಗ್ಗೆ ಪೀಪಾಯಿಯ ಬಿರಡೆ ತೆಗೆದು ನೋಡುತ್ತಿದ್ದೆ. ಪ್ರತಿ ಸಲವೂ ಕಂಠದವರೆಗೆ ತುಂಬಿ ನಿಂತಿರುತ್ತಿತ್ತು. ಒಂದು ಕಲ್ಲೂ ಬಿಡಬೇಕಾಗಲಿಲ್ಲ, ಚೀಲದ ಕಡೆ ತಲೆ ಎತ್ತಿ ನೋಡಲೂ ಇಲ್ಲ. ಇಂಥ ಬಿಗಿ ಮರ ನಾನು ಕಂಡಿರಲಿಲ್ಲ. ರುವಾನೆಯ ಹತ್ತಿರ ಜಂಬವನ್ನೂ ಕೊಚ್ಚಿದೆ: "ನನ್ನ ಪೀಪಾಯಿ ಐದು ತಿಂಗಳಲ್ಲಿ ಒಂದು ಗುಟುಕೂ ಕುಡಿದಿಲ್ಲ." ಆತ ತಲೆ ಕೆರೆದುಕೊಂಡು, "ಹಂಗಾಗಲ್ಲ ಮಗಾ," ಅಂದ. ಹೊಟ್ಟೆಕಿಚ್ಚು ಅಂದುಕೊಂಡೆ.

ಮಾರ್ಚ್ ಹದಿನೈದು, ಭಾನುವಾರ. ಬೇಟೆಯ ಕಾಲ ಮುಗಿದಿತ್ತು. ರುವಾನೆ ಒಬ್ಬನೇ ಪಂಚನಾಗಿ ಬಂದ. ಉಗ್ರಾಣದಲ್ಲಿ ಮಗುಚಿಟ್ಟ ಬುಟ್ಟಿಯ ಮೇಲೆ ಅಪ್ಪನನ್ನು ಕೂರಿಸಿ, ಅಜ್ಜಿಯ ತಲೆವಸ್ತ್ರದಿಂದ ಕಣ್ಣು ಕಟ್ಟಿದೆ. ಮೆರ್ಲೊ ಇರುವ ದೊಡ್ಡ ತೊಟ್ಟಿಯಿಂದ ಒಂದು ಲೋಟ, ನನ್ನ ಪೀಪಾಯಿಯಿಂದ ಒಂದು ಲೋಟ. ಅಪ್ಪನ ಕೋಟಿನ ಜೇಬಿನಿಂದ ಅರ್ಜಿಯ ತುದಿ ಇಣುಕುತ್ತಿತ್ತು.

ಮೊದಲನೆಯದು ಕುಡಿದ. ಎರಡನೆಯದು ಕುಡಿದ. ಮತ್ತೆ ಮೊದಲನೆಯದು. ಬಟ್ಟೆಯ ಕೆಳಗೆ ಅವನ ಹುಬ್ಬು ಗಂಟಾಯಿತು.

"ಲೋ, ಆಟ ಆಡ್ಬೇಡ. ಎರಡಕ್ಕೂ ಒಂದೇ ಹಾಕಿದೀಯ."

"ಇಲ್ಲ ಅಪ್ಪ."

"ಒಂದೇ ಕಣೋ."

ರುವಾನೆ ಎರಡನ್ನೂ ಮೂಸಿದ, ಕುಡಿದ. ನನ್ನ ಮುಖ ನೋಡದೆ, "ಒಂದೇ," ಅಂದ.

ಆಗ ನಾನು ಕುಡಿದೆ. ಐದು ತಿಂಗಳ ನಂತರ ಮೊದಲ ಗುಟುಕು. ಮೆರ್ಲೊ. ಎಲ್ಲೋ ತಳದಲ್ಲಿ ಕಾಡು ಜೀರಿಗೆಯ ಒಂದು ಎಳೆ ಇದ್ದರೂ ಇರಬಹುದು, ಉಳಿದದ್ದೆಲ್ಲ ತೊಟ್ಟಿ.

ಲೋಟ ಗೋಡೆಗೆ ಹೊಡೆದೆ.

"ಕಳ್ಳ! ವೈನ್ ಬದಲಾಯಿಸಿದೀಯ! ನಿನಗೆ ಸಹಿ ಹಾಕಬೇಕಿತ್ತು, ಹಾಕಬಹುದಿತ್ತಲ್ಲ, ಈ ನಾಟಕ ಯಾಕೆ ಬೇಕಿತ್ತು?"

ಅಪ್ಪ ಕಣ್ಣಿನ ಬಟ್ಟೆ ಕಿತ್ತು ಎದ್ದು ನಿಂತ. "ಯಾರಿಗೋ ಕಳ್ಳ ಅಂತೀಯ? ನಾನು ಮಾತು ಕೊಟ್ಟಿದ್ದೆ!"

ರುವಾನೆ ನಡುವೆ ಬಂದು ನಮ್ಮಿಬ್ಬರ ಎದೆಗೂ ಒಂದೊಂದು ಕೈ ಇಟ್ಟ. ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಎಂಬತ್ತೇಳು ವರ್ಷ, ಎರಡೂ ಕಣ್ಣಿಗೆ ಪೊರೆ. ಕೈಯಲ್ಲಿ ಮಧ್ಯಾಹ್ನದ ಖಾಲಿ ಹೂಜಿ.

"ಯಾಕ್ರೋ ಕೂಗಾಡ್ತೀರ? ಯಾರು ಕದ್ರು ಏನು?"

"ನನ್ನ ಪೀಪಾಯಿ ಅಜ್ಜಿ. ಈ ಬಾಗಿಲ ಎಡಗಡೆದು."

"ಮನೆ ಪೀಪಾಯಿನಾ?"

ಅಜ್ಜಿ ಗೋಡೆ ಹಿಡಿದು ಬಂದು, ಬೆರಳಲ್ಲಿ ತಡವಿ ನಲ್ಲಿಯನ್ನು ಹುಡುಕಿ, ದಿನಾ ಮಾಡುವ ಹಾಗೆ ಹೂಜಿಯನ್ನು ಅದರ ಕೆಳಗೆ ಹಿಡಿದಳು.

ಅವಳು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬಾಗಿಲ ಎಡಗಡೆಯ ಪೀಪಾಯಿ ಅಂದರೆ ಮನೆಯವರು ಕುಡಿಯುವ ಪೀಪಾಯಿ. ಸಿಮೆಂಟಿನಿಂದ ನೇರ ಮೇಜಿಗೆ ಬಂದ ವೈನ್ ಹೊಟ್ಟೆ ಕೊರೆಯುತ್ತದೆ, ಮರದಲ್ಲಿ ಮಲಗಿ ಎದ್ದು ಬರಬೇಕು ಅನ್ನುವುದು ಅವಳ ಲೆಕ್ಕ. ಮಧ್ಯಾಹ್ನ ಒಂದು ಹೂಜಿ ತೆಗೆದರೆ, ಆಗಲೇ ತೊಟ್ಟಿಯಿಂದ ಒಂದು ಹೂಜಿ ತಂದು ಮೇಲಿನ ಬಾಯಿಗೆ ಸುರಿಯಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಮುದಿ ಪೀಪಾಯಿ ಹೋದ ಮೇಲೆ ತೊಟ್ಟಿಯಿಂದಲೇ ತರುತ್ತಾಳೆ ಅಂದುಕೊಂಡು ಅಜ್ಜಿಗೆ ಒಂದು ಮಾತು ಹೇಳಲಿಲ್ಲ, ಅಷ್ಟೇ. ಆ ಮನೆಯಲ್ಲಿ ಯಾರ ಜೊತೆಗೂ ಮಾತು ಬೇಡವಾಗಿತ್ತು ಆಗ. ಪೊರೆ ಬಂದ ಕಣ್ಣಿನವಳಿಗೆ ಸೀಮೆಸುಣ್ಣದಲ್ಲಿ ಬೆದರಿಕೆ ಬರೆದಿಟ್ಟಿದ್ದೆ.

"ಅಜ್ಜಿ," ಅಂದೆ. "ಯಾವಾಗಿಂದ ಇದರಿಂದ ತೆಗೀತಾ ಇದೀಯ?"

"ಸಂತರ ಹಬ್ಬದಿಂದ. ಹಳೇದು ಒಡೆದುಹೋಯ್ತಲ್ಲ, ನೀನು ನಂಗೆ ಹೊಸದು ತಂದು ಕೂರಿಸಿದೀಯ ಅಂದ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ? ಬಾಯಲ್ಲಿ ಒಂದು ಮಾತಿಲ್ಲ, ಆದ್ರೂ ಅಜ್ಜಿಗೆ ಅಂತ ತಂದಿಟ್ಟಿದಾನೆ ಅಂತ ನಿಮ್ಮಜ್ಜನ ಫೋಟೊ ಮುಂದೆ ನಿಂತು ಹೇಳ್ದೆ." ನಮ್ಮ ಮೌನ ಅವಳಿಗೆ ಬೇರೆ ಥರ ಕೇಳಿಸಿತು. ದನಿ ಗಡುಸಾಯಿತು. "ಯಾಕೆ, ಖಾಲಿ ಬಿಟ್ಟಿದೀನಿ ಅಂತಾನಾ? ಒಂದು ದಿನ ತಪ್ಪಿಲ್ಲ ನಾನು! ಒಂದು ಹೂಜಿ ತೆಗೆದ್ರೆ ಒಂದು ಹೂಜಿ ಹಾಕಿದೀನಿ. ಭಾನುವಾರ ಈ ಬೇಟೆಗಾರ ಕುಡುಕರಿಗೆ ಎಂಟು ತೆಗೆದ್ರೆ ಎಂಟು ಹಾಕಿದೀನಿ. ಬಿರಡೆ ತೆಗೆದು ನೋಡ್ಕೋ, ಗಾಳಿ ಕಂಡಿಲ್ಲ ಅದು!"

"ಕಲ್ಲಿನ ಚೀಲ?" ಅಂದೆ. ಗೂಟ ಖಾಲಿಯಿದ್ದದ್ದು ಆಗಷ್ಟೇ ಕಣ್ಣಿಗೆ ಬಿದ್ದಿತ್ತು.

"ಅದಾ? ಆಲಿವ್ ಜಾಡಿಗೆ ಹಾಕ್ದೆ. ಕಾಯಿ ಉಪ್ಪುನೀರಿಂದ ಮೇಲೆ ತೇಲ್ತಾ ಇತ್ತು."

ರುವಾನೆಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, "ಅಂದ್ರೆ ಭಾನುವಾರ ಭಾನುವಾರ... ನಾವು ಹಂದಿ ಜೊತೆ..." ಅಂದು ಮತ್ತೆ ನಕ್ಕ. ಅವನನ್ನು ಅಲ್ಲೇ ತೊಟ್ಟಿಯಲ್ಲಿ ಅದ್ದಿಬಿಡೋಣ ಅನ್ನಿಸಿತು.

ನಾನು ಅಪ್ಪನ ಕಡೆ ತಿರುಗಿದೆ. "ನವೆಂಬರಲ್ಲಿ ಏನಂದೆ? ಕಾಡು ಜೀರಿಗೆ ಅಂದೆ. ಎದ್ದೇಳಲ್ಲ ಅನ್ನತ್ತೆ ಅಂದೆ. ಎರಡನೇ ಲೋಟ ಕುಡಿದೆ, ದಿನಾ! ನನ್ನ ಮುಖದ ಮುಂದೆ ಹಿಡಿದು ಕುಡಿದೆ! ಅದು ತೊಟ್ಟಿದಲ್ಲ ಅಪ್ಪ, ಪೇರಾದ್‌ದು! ಫೆಬ್ರವರಿಲಿ ಸಪ್ಪೆ ಅಂದೆಯಲ್ಲ, ಆಗ ಅದು ತೊಟ್ಟಿದಾಗಿತ್ತು!"

"ಹೌದಲ್ವಾ ಅಶಿಲ್," ಅಂತ ರುವಾನೆ ಕಣ್ಣೊರೆಸಿಕೊಂಡ. "ನಾನೂ ಹೇಳಿದ್ದೆ."

ಅಪ್ಪನ ಮುಖದಲ್ಲಿ ಏನೋ ಅಲುಗಾಡಿತು. ಒಂದು ಕ್ಷಣ ಒಪ್ಪಿಕೊಳ್ಳುತ್ತಾನೆ ಅನ್ನಿಸಿತು. ಎಲ್ಲಿ! ನಮ್ಮ ವಂಶದಲ್ಲಿ ಆ ಪದ್ಧತಿ ಇಲ್ಲ.

"ಮಾತು ಆಗಿದ್ದು ಕಣ್ಣು ಕಟ್ಕೊಂಡು ಎರಡು ಲೋಟ ಕುಡೀತೀನಿ ಅಂತ," ಅಂದ. "ಕುಡಿದೆ. ಎರಡೂ ಒಂದೇ."

ಅಜ್ಜಿಯ ತಲೆವಸ್ತ್ರವನ್ನು ಅವಳ ಭುಜದ ಮೇಲೆ ಹಾಕಿ ಹೊರಗೆ ಹೋದ. ವ್ಯಾನು ಹೊರಟ ಸದ್ದು ಕೇಳಿತು. ಅರ್ಜಿ ಅವನ ಜೇಬಲ್ಲೇ ಇತ್ತು.

ಮೊಳೆಗೆ ತೂಗುಹಾಕಿದ್ದ ಚಾಟನಿ ಕತ್ತರಿಯನ್ನು ಕಿತ್ತುಕೊಂಡು ಪೇರಾದ್‌ಗೆ ನಡೆದೆ. ಪಡುವಣದ ಸೆರ್ಸ್ ಗಾಳಿ ಮೂರು ದಿನದಿಂದ ಬಿಟ್ಟಿರಲಿಲ್ಲ, ದಿಣ್ಣೆ ಹತ್ತುವಾಗ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕುತ್ತಿತ್ತು. ಐದು ತಿಂಗಳು! ಕಾಲಲ್ಲಿ ತುಳಿದೆ, ನಾಲಿಗೆ ಕಟ್ಟಿಕೊಂಡೆ, ಕಾದೆ. ಆ ವೈನನ್ನು ಈ ಭೂಮಿಯ ಮೇಲೆ ಕುಡಿಯದವನು ನಾನೊಬ್ಬನೇ. ರುವಾನೆ ಕುಡಿದ, ರುವಾನೆಯ ಭಾವಮೈದ ಕುಡಿದ, ಅಂಚೆಯವನೂ ಕ್ರಿಸ್‌ಮಸ್‌ಗೆ ಎರಡು ಲೋಟ ಕುಡಿದ. ಕೂಗಾಡಲು ಒಬ್ಬ ಅಪರಾಧಿಯಾದರೂ ಬೇಕಲ್ಲ, ಸಿಕ್ಕವಳು ಅಜ್ಜಿ. ಅವಳ ಮೇಲೆ ಕೂಗಾಡುವುದು ಹೇಗೆ? ಅಜ್ಜನ ಫೋಟೊ ಮುಂದೆ ನಿಂತು ನನ್ನನ್ನು ಹೊಗಳಿದ್ದಾಳೆ.

ಗಿಡಗಳು ಕಳೆದ ವರ್ಷದ ಕಡ್ಡಿಗಳನ್ನೆಲ್ಲ ಹೊತ್ತು, ಕ್ಷೌರ ಕಾಣದವರ ಹಾಗೆ ನಿಂತಿದ್ದವು. ಮೊದಲ ಸಾಲಿನ ಮೊದಲ ಗಿಡಕ್ಕೆ ಕೂತೆ. ಏಪ್ರಿಲಿನಲ್ಲಿ ಕೀಳುವ ಗಿಡವನ್ನು ಸವರುತ್ತಿದ್ದೇನೆ ಅಂತ ಗೊತ್ತಿತ್ತು. ಕೈಗೆ ಏನಾದರೂ ಕತ್ತರಿಸಲು ಬೇಕಿತ್ತು. ತಡವಾಗಿ ಮಾಡಿದ ಚಾಟನಿಯಾದ್ದರಿಂದ ಕಡಿದ ಕಡೆಯಲ್ಲೆಲ್ಲ ನೀರು ಜಿನುಗಿ ಬೆರಳು ಒದ್ದೆಯಾಯಿತು. ಒಂದು ಗಿಡ, ಎರಡು, ಹತ್ತು.

ಹನ್ನೊಂದನೆಯದರಲ್ಲಿದ್ದಾಗ ಕೆಳಗೆ ವ್ಯಾನು ನಿಂತಿತು. ಅಪ್ಪ ಸೊಂಟಕ್ಕೆ ಕೈ ಕೊಟ್ಟುಕೊಂಡು ಹತ್ತಿ ಬಂದ. ನಾನು ಸವರಿದ ಗಿಡಗಳನ್ನು ಒಂದೊಂದಾಗಿ ನೋಡುತ್ತಾ ಬಂದು, ಒಂಬತ್ತನೆಯದರ ಹತ್ತಿರ ನಿಂತ.

"ಇಷ್ಟುದ್ದ ಬಿಟ್ಟಿದೀಯ. ಕಡ್ಡಿಗೆ ಚಿಗುರೋ ಕಣ್ಣು ಎರಡೇ ಬಿಡಬೇಕು. ಮುದುಕರ ಮೇಲೆ ಭಾರ ಹೊರಿಸ್ತಾರೇನೋ?"

"ಏಪ್ರಿಲಲ್ಲಿ ಯಂತ್ರ ಬರತ್ತಲ್ಲ, ಅದಕ್ಕೆ ಹೇಳು ಎಷ್ಟು ಕಣ್ಣು ಅಂತ."

ಕತ್ತರಿಯ ಟಕ್ ಸದ್ದು ಕೇಳಿ ತಿರುಗಿದೆ. ಅವನ ಕೈಯಲ್ಲೂ ಕತ್ತರಿ. ಪಕ್ಕದ ಸಾಲಿನ ಮೊದಲ ಗಿಡದ ಮುಂದೆ ಒಂದು ಮೊಣಕಾಲೂರಿ, ನೋವಿಗೆ ಹಲ್ಲು ಕಚ್ಚಿ, ನಾನು ಬಿಟ್ಟದ್ದಕ್ಕಿಂತ ಗಿಡ್ಡವಾಗಿ ಕತ್ತರಿಸುತ್ತಿದ್ದ.

"ಅರ್ಜಿ ಎಲ್ಲಿ?"

"ಮೇಯರ್ ಮನೆಗೆ ಹೋಗಿ ಕೊಟ್ಟು ಬಂದೆ."

ಕತ್ತರಿ ನನ್ನ ಕೈಯಿಂದ ಜಾರಿತು. ಅವನು ನನ್ನ ಕಡೆ ನೋಡದೆ ಇನ್ನೊಂದು ಕಡ್ಡಿ ಕಡಿದ.

"ಮೆರ್ಲೊದಷ್ಟೇ. ಇದಕ್ಕೆ ಗೀಟು ಹೊಡೆದೆ. ಕೀಳೋ ಗಿಡಕ್ಕೆ ಯಾರಾದ್ರೂ ಚಾಟನಿ ಮಾಡ್ತಾರೇನೋ ದಡ್ಡ?"

ಆ ಮೆರ್ಲೊ ಅಂಚು ಅವನೇ ನೆಟ್ಟದ್ದು, ಮದುವೆಯಾದ ವರ್ಷ, ಅಮ್ಮನ ಜೊತೆ. ಬಿದ್ದ ಕತ್ತರಿಯನ್ನು ಎತ್ತಿಕೊಂಡೆ, ಸಿಟ್ಟು ಇನ್ನೂ ಇಳಿದಿರಲಿಲ್ಲ. ಉಗ್ರಾಣದಲ್ಲೇ ಇದನ್ನು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಎರಡು ಸಾಲು ಸವರಿ ಮುಗಿಸಿದೆವು. ಆಮೇಲೆ ಅವನೇ ಶುರುಮಾಡಿದ.

"ಈ ವರ್ಷದ್ದು ಎಲ್ಲಿಡ್ತೀಯ?"

"ಹಿಂದಿನ ಕೋಣೆಯಲ್ಲಿ. ಪೀಠ ನಾನೇ ಮಾಡ್ತೀನಿ. ಬೀಗ ಹಾಕ್ತೀನಿ. ಬೀಗದ ಕೈ ಕುತ್ತಿಗೆಗೆ ಕಟ್ಕೋತೀನಿ."

"ಬಾಗಿಲ ಎಡಗಡೆ?"

"ಅಲ್ಲಿಗೆ ಅಜ್ಜಿಗೆ ಬೇರೆ ಪೀಪಾಯಿ ತರ್ತೀನಿ. ನಿನ್ನ ತೊಟ್ಟಿದೇ ತುಂಬಿಸ್ಕೊಂಡು ಕುಡೀರಿ ಎಲ್ಲಾರೂ."

ಅಪ್ಪ ಕತ್ತರಿ ನಿಲ್ಲಿಸಿದ.

"ತೊಟ್ಟಿದಾ?" ಅಂದ. ಪಕ್ಕಕ್ಕೆ ಉಗಿದ. ಸೆರ್ಸ್ ಗಾಳಿ ಅದನ್ನು ವಾಪಸ್ ಅವನ ತೋಳಿಗೇ ತಂದು ಹಾಕಿತು. ತೋಳೊರೆಸಿಕೊಂಡು, ಸತ್ತ ಗಿಡಗಳ ಖಾಲಿ ಜಾಗಗಳನ್ನು ಈ ತುದಿಯಿಂದ ಆ ತುದಿಗೆ ಎಣಿಸುವ ಹಾಗೆ ನೋಡಿದ. "ಇನ್ನೂರು ಸಸಿ ತರಿಸು. ಕಾರಿನ್ಯಾನ್. ಈ ತೂತುಗಳನ್ನೆಲ್ಲ ತುಂಬಿಸಿದ್ರೆ ಎರಡು ಪೀಪಾಯಿ ಆಗತ್ತೆ. ಒಂದು ನಿನ್ನ ಬೀಗಕ್ಕೆ, ಒಂದು ಬಾಗಿಲಿಗೆ."

"ಸಸಿ ವೈನ್ ಕೊಡೋ ಹೊತ್ತಿಗೆ ಹತ್ತು ವರ್ಷ ಆಗತ್ತೆ ಅಪ್ಪ."

"ಆಗ್ಲಿ. ಅಲ್ಲೀವರೆಗೆ ನೀನು ನೀರು ಕುಡಿ. ಅಭ್ಯಾಸ ಆಗಿದೆಯಲ್ಲ."

ಕೆಳಗೆ ಬಿದ್ದಿದ್ದ ಕಡ್ಡಿಯೊಂದನ್ನು ತೆಗೆದು ಅವನ ಬೆನ್ನಿಗೆ ಎಸೆದೆ. ಗಾಳಿಗೆ ಅದೂ ಗುರಿ ತಪ್ಪಿತು.